ಪೇರಣಿ ಮಾಸ್ತರ

ಬೈಲಹೊಂಗಲದಲ್ಲಿ ಇಪ್ಪತ್ತೊಂದು ವರ್ಷ ಕನ್ನಡ ಕಲಿಸಿದ ತ್ರ್ಯಂಬಕ ರಾಘೋ ಪುರಾಣಿಕರಿಗೆ ಎರಡೇ ವ್ಯಸನಗಳಿದ್ದವು. ಒಂದು ನಶ್ಯ, ಇನ್ನೊಂದು ಚೀಟಿ. ನಶ್ಯವನ್ನು ಅವರ ಹೆಂಡತಿ ಮಥುರಾಬಾಯಿ ಮದುವೆಯಾದ ಮೂರನೆಯ ವರ್ಷಕ್ಕೆ ಬಿಡಿಸಿದರು. ಚೀಟಿಯನ್ನು ಬಿಡಿಸುವುದು ಅವರಿಂದಲೂ ಆಗಲಿಲ್ಲ.

ಚೀಟಿ ಎಂದರೆ ಇಸ್ಪೀಟಿನದಲ್ಲ. ಅಂಗೈಯಗಲದ ಕಾಗದದ ತುಂಡು. ಅದರ ನೆತ್ತಿಯ ಮೇಲೆ ಒಂದು ಹಳೆಯ ಶಬ್ದ, ಕೆಳಗೆ ಅದರ ಅರ್ಥ, ಅದಕ್ಕೂ ಕೆಳಗೆ ಪ್ರಯೋಗ, ಅಂದರೆ ಆ ಶಬ್ದವನ್ನು ಯಾರು ಎಲ್ಲಿ ಬಳಸಿದ್ದಾರೆ ಎಂಬ ವಿವರ. ಧಾರವಾಡದ ನಾಲ್ಕಾರು ಪಂಡಿತರು ಸೇರಿ ಒಂದು ಕೋಶ ಮಂಡಳಿ ಮಾಡಿಕೊಂಡಿದ್ದರು. ಕನ್ನಡದ ಶಬ್ದಗಳನ್ನೆಲ್ಲ ಒಂದು ದೊಡ್ಡ ಕೋಶದಲ್ಲಿ ಕೂಡಿಹಾಕಬೇಕೆಂಬುದು ಅವರ ಸಂಕಲ್ಪ. ಊರೂರಿನ ಮಾಸ್ತರರಿಗೆ ಹಬ್ಬದ ಎಳ್ಳು ಬೆಲ್ಲ ಹಂಚಿದಂತೆ ಒಂದೊಂದು ಅಕ್ಷರ ಹಂಚಿದ್ದರು. ದೇಶ ಸ್ವತಂತ್ರವಾದ ವರ್ಷದ ದಸರೆಗೆ ತ್ರ್ಯಂಬಕ ಮಾಸ್ತರರ ಪಾಲಿಗೆ 'ಪ' ಬಂತು. ಉಳಿದವರು ಬನ್ನಿ ಮುಡಿಯಲು ಹೋದಾಗ ಇವರು ಮನೆಯಲ್ಲಿ ಕುಳಿತು ಕಾಗದ ಕತ್ತರಿಸುತ್ತಿದ್ದರು.

ಐದು ವರ್ಷಗಳಲ್ಲಿ ಚೀಟಿಗಳು ಮನೆಯನ್ನು ಆಕ್ರಮಿಸಿದವು. ಚಹಾಪುಡಿಯ ಡಬ್ಬಿ, ಅವಲಕ್ಕಿಯ ಡಬ್ಬಿ, ಕೊನೆಗೆ ದೇವರ ಮನೆಯ ಊದುಬತ್ತಿಯ ಪೆಟ್ಟಿಗೆ ಕೂಡ 'ಪ'ಕಾರದ ವಶವಾಯಿತು. ಮಾಸ್ತರರು ಬಹಳ ಶ್ರಮಜೀವಿ. ಆದರೆ ಅವರಲ್ಲಿ ಒಂದು ದೋಷವಿತ್ತು. ನಾವು ಮಾಸ್ತರರೆನಿಸಿಕೊಂಡವರಿಗೆಲ್ಲ ಇರುವ ದೋಷವೇ ಅದು. ತಿಳಿಯದ್ದನ್ನು ತಿಳಿಯದು ಎನ್ನಲು ನಾಲಿಗೆ ಏಳುವುದಿಲ್ಲ. ಗೊತ್ತಿಲ್ಲದ ಮರದ ಹೆಸರು ಬಂದರೆ 'ಒಂದು ಬಗೆಯ ಮರ' ಎಂದು ಬರೆಯುತ್ತಿದ್ದರು. ಹಕ್ಕಿ ಬಂದರೆ 'ಒಂದು ಬಗೆಯ ಹಕ್ಕಿ'. ಮೀನು ಬಂದರೂ ಹಾಗೆಯೇ.

"ಒಂದು ಬಗೆಯ ಮೀನಂತ," ಎಂದರು ಮಥುರಾಬಾಯಿ ಒಮ್ಮೆ ಚೀಟಿ ಓದಿ. "ಮತ್ಸ್ಯಾವತಾರದ ಚಿತ್ರ ಬಿಟ್ರ ನಿಮ್ಮ ವಂಶದಾಗ ಯಾರರೆ ಮೀನು ನೋಡ್ಯಾರೇನು?"

"ಕೋಶದಾಗ ಹಂಗ ಬರಿಯೂ ರೂಢಿ ಅದ."

"ನಾಳೆ ನನ್ನ ಮ್ಯಾಲೆ ಚೀಟಿ ಬರಿಯೂ ಪ್ರಸಂಗ ಬಂದ್ರ? ಒಂದು ಬಗೆಯ ಹೆಂಡತಿ ಅಂತ ಬರೀತೀರೇನು?"

ಮಾಸ್ತರರು ತಲೆ ಎತ್ತದೆ ಹೇಳಿದರು. "ಹೆಂಡತಿ 'ಹ'ಕಾರಕ್ಕ ಬರತದ. ಅದು ಗೋಕಾಕದವರಿಗೆ ಹೋಗೇದ."

ಹೀಗೆ ಸುಖವಾಗಿ ನಡೆದಿದ್ದ ಸಂಸಾರದೊಳಗೆ ಐವತ್ತಮೂರನೆಯ ಇಸವಿಯ ಮಾರ್ಚಿನಲ್ಲಿ ಒಂದು ಟಪಾಲು ಬಂತು. ಅದರಲ್ಲಿ ಅವರದೇ ಒಂದು ಚೀಟಿ ಮರಳಿ ಬಂದಿತ್ತು. ಶಬ್ದ 'ಪೇರಣಿ'. ಸವದತ್ತಿಯ ಒಂದು ಮನೆಯ ಅಟ್ಟದಲ್ಲಿ ಸಿಕ್ಕ ತಾಳೆಗರಿಯ ಕಟ್ಟಿನಿಂದ ಮಾಸ್ತರರು ಅದನ್ನು ಎತ್ತಿದ್ದರು. ಯಾವನೋ ರಾಜನ ಓಲಗಕ್ಕೆ ಪೇರಣಿಯವರು ಬಂದರು ಎಂದಷ್ಟೇ ಅಲ್ಲಿತ್ತು. ಮಾಸ್ತರರು ಎಂದಿನಂತೆ 'ಒಂದು ಬಗೆಯ ಕುಣಿತ' ಎಂದು ಬರೆದು ಕಳಿಸಿದ್ದರು. ಈಗ ಅದರ ಮೇಲೆ ಕೆಂಪು ಶಾಯಿಯಲ್ಲಿ ಮಂಡಳಿಯವರ ಷರಾ ಬಿದ್ದಿತ್ತು: "ಇದು ಅರ್ಥವಲ್ಲ. ಯಾವ ಬಗೆ? ಈ ಶಬ್ದ ಮಾದರಿ ಪುಟಗಳಲ್ಲಿ ಬರುವುದಿದೆ. ಅವು ತಿಂಗಳ ಕೊನೆಗೆ ಅಚ್ಚಿಗೆ ಹೋಗುತ್ತವೆ. ಅಷ್ಟರಲ್ಲಿ ಸರಿಯಾದ ಅರ್ಥ ಬಾರದಿದ್ದರೆ 'ಅರ್ಥ ತಿಳಿಯದು' ಎಂದು ಹಾಕಿ, ಪಕ್ಕದಲ್ಲಿ ಸಂಗ್ರಾಹಕರ ಹೆಸರು ಕೊಡಲಾಗುವುದು."

ಮಾಸ್ತರರು ಅದನ್ನು ಮನಸ್ಸಿನಲ್ಲಿಯೇ ಅಚ್ಚು ಹಾಕಿ ನೋಡಿದರು. 'ಅರ್ಥ ತಿಳಿಯದು: ತ್ರ್ಯಂ. ರಾ. ಪುರಾಣಿಕ, ಬೈಲಹೊಂಗಲ.' ಕನ್ನಡ ಇರುವವರೆಗೂ ಅದು ಇರುತ್ತದೆ. ಮೊಮ್ಮಕ್ಕಳ ಮೊಮ್ಮಕ್ಕಳು ಓದುತ್ತಾರೆ. ಆ ರಾತ್ರಿ ಅವರಿಗೆ ಜೋಳದ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ, ಮೂರೇ ತಿಂದರು.

ಮರುದಿನ ಪೆಟ್ಟಿಗೆಯ ತಳದಿಂದ ರಾಮದುರ್ಗದ ಪೋಥಿ ಹೊರಬಂತು. ಮದುವೆಯಲ್ಲಿ ಉಳಿದ ಅಳಿಯಂದಿರಿಗೆ ಕೈಗಡಿಯಾರ ಬಂದರೆ ಮಾಸ್ತರರಿಗೆ ರಾಮದುರ್ಗದ ಮಾವನವರು ಕೊಟ್ಟದ್ದು ಸಂಗೀತ ನಾಟ್ಯಗಳನ್ನು ಕುರಿತ ಒಂದು ಸಂಸ್ಕೃತ ಕೈಬರಹದ ಪುಸ್ತಕ. ಇಪ್ಪತ್ತು ವರ್ಷಗಳ ಮೇಲೆ ಮೊದಲ ಸಲ ಮಾಸ್ತರರಿಗೆ ಮಾವನವರ ಮೇಲೆ ಪ್ರೀತಿ ಹುಟ್ಟಿತು. ಪೇರಣಿ ಅದರಲ್ಲಿತ್ತು. ಕುಣಿಯುವವನ ಮೈಗೆ ಬೂದಿಯ ಬಿಳುಪು. ತಲೆ ಬೋಳು, ನಡುವೆ ಚಂಡಿಕೆ. ಕಾಲಿಗೆ ಗೆಜ್ಜೆ. ಇಷ್ಟರವರೆಗೆ ತೊಂದರೆಯಿರಲಿಲ್ಲ. ಮುಂದಿನ ಮಾತು ಮಾತ್ರ ಅವರ ಬುದ್ಧಿಗೆ ಒಗ್ಗಲಿಲ್ಲ. ಬಲ್ಲವನು ಮನಸ್ಸು ಬಂದರೆ ಎಲ್ಲ ಗೆಜ್ಜೆಗಳನ್ನೂ ನುಡಿಸುತ್ತಾನೆ, ಬೇಕೆಂದರೆ ಕೆಲವನ್ನು, ಬೇಕೆಂದರೆ ಒಂದನ್ನೇ, ಬೇಡವೆಂದರೆ ಹೆಜ್ಜೆ ಹಾಕುತ್ತಲೇ ಒಂದನ್ನೂ ನುಡಿಸುವುದಿಲ್ಲ.

"ಇದು ಬರೆದವರ ಕಲ್ಪನಾ," ಎಂದರು ಮಾಸ್ತರರು. "ಕಾಲು ಎತ್ತಿದ ಮ್ಯಾಲೆ ಗೆಜ್ಜಿ ಸುಮ್ಮನ ಹ್ಯಾಂಗ ಇರತದ?"

"ಎತ್ತಿ ನೋಡ್ರಿ," ಎಂದರು ಮಥುರಾಬಾಯಿ.

ಎತ್ತಿಯೇ ನೋಡಿದರು. ಹಿತ್ತಲಲ್ಲಿದ್ದ ಆಕಳು ಗೌರಿಯ ಕೊರಳಿನ ಗೆಜ್ಜೆಸರ ಬಿಚ್ಚಿ ಕಾಲಿಗೆ ಸುತ್ತಿಕೊಂಡು ಬಾವಿಯ ಸುತ್ತ ನಾಲ್ಕು ಸುತ್ತು ತಿರುಗಿದರು. ಗೆಜ್ಜೆ ಸುಮ್ಮನಿರಲಿಲ್ಲ. ಗೌರಿಯೂ ಸುಮ್ಮನಿರಲಿಲ್ಲ, ತನ್ನ ಸೊತ್ತು ಎತ್ತ ಹೋದರೆ ಅತ್ತ ಹಿಂದೆಯೇ ನಡೆಯಿತು. ಆ ಹೊತ್ತು ಹಾಲು ಹಿಂಡಲು ಆಗಲಿಲ್ಲ. ಮಥುರಾಬಾಯಿ ನೀರಿಗೆ ಹೋದಾಗ ಈ ಸಂಗತಿಯನ್ನೆಲ್ಲ ಓಣಿಯ ಹಿರಿಯಳಾದ ತಂಗೆವ್ವನಿಗೆ ಹೇಳಿ ಹಗುರಾದರು. ತಂಗೆವ್ವ ಎಪ್ಪತ್ತರ ಹತ್ತಿರದ ಒಕ್ಕಲಗಿತ್ತಿ, ಕೊಡಪಾನ ಹೊತ್ತು ಮೆಟ್ಟಿಲೇರುವಾಗಲೂ ಮಾತು ನಿಲ್ಲಿಸದವಳು.

"ಅಯ್ಯ ಬಾಯಾರ, ಇದಕ್ಯಾಕ ಆಕಳಾ ಹಿಂಸಾ ಮಾಡ್ತೀರಿ," ಎಂದಳು ತಂಗೆವ್ವ. "ಬರೂ ಸೋಮಾರ ನಮ್ಮ ಮೊಮ್ಮಗಳ ಮದಿವಿ ಗುಗ್ಗಳ ಐತಿ. ಸಂಗೊಳ್ಳಿಯಿಂದ ನನ್ನ ತಮ್ಮ ನಿಜಗುಣಪ್ಪ ಪುರವಂತಕಿಗೆ ಬರತಾನ. ಗೆಜ್ಜಿ ಸುದ್ದಿ ಅವಗ ಕೇಳಾಕ ಹೇಳ್ರಿ ಮಾಸ್ತರಗ."

ಗುಗ್ಗಳವೆಂದರೆ ಮದುವೆಗೆ ಮುಂಚೆ ಬೆಂಕಿಯ ಕೊಡ ಹೊತ್ತುಕೊಂಡು ವೀರಭದ್ರನ ಗುಡಿಗೆ ಹೋಗುವ ಮೆರವಣಿಗೆ. ಅದರ ಮುಂದೆ ಕಾಲಿಗೆ ಗೆಜ್ಜೆ ಕಟ್ಟಿ, ಕೈಯಲ್ಲಿ ಕತ್ತಿ ಹಿಡಿದು ಕುಣಿಯುವವನು ಪುರವಂತ. ಮಾಸ್ತರರು ಇದನ್ನು ಓಣಿಯಲ್ಲಿ ನೂರು ಸಲ ಕಂಡಿದ್ದರು. ನೂರು ಸಲವೂ ಕಿಟಕಿ ಮುಚ್ಚಿ ಚೀಟಿ ಬರೆದಿದ್ದರು. ಅಷ್ಟೇ ಅಲ್ಲ, ತರಗತಿಗೆ ಓಡುತ್ತ ಬರುವ ಹುಡುಗರಿಗೆ ದಿನವೂ ಅವರ ಬೈಗುಳ ಒಂದೇ ಆಗಿತ್ತು: "ಗೆಜ್ಜಿ ಕಟ್ಟಿದ ಎತ್ತಿನಗತೆ ಬರಬ್ಯಾಡ್ರೋ."

ಸೋಮವಾರ ಬೆಳಿಗ್ಗೆ ಅರ್ಧ ದಿನದ ರಜೆ ಹಾಕಿ, ಕರಿ ಟೋಪಿ, ಕೋಟು ಧರಿಸಿ, ಜೇಬಿನಲ್ಲಿ ನಾಲ್ಕು ಖಾಲಿ ಚೀಟಿ ಇಟ್ಟುಕೊಂಡು ಮಾಸ್ತರರು ತಂಗೆವ್ವನ ಮನೆಗೆ ಹೋದರು. ತಿಂಗಳು ಮುಗಿಯಲು ಒಂದೇ ದಿನ ಉಳಿದಿತ್ತು. ನಿಜಗುಣಪ್ಪ ಅರವತ್ತರ ಗಟ್ಟಿ ಆಳು. ಮೀಸೆ ದೊಡ್ಡದು, ಮಾತು ಸಣ್ಣದು. ಮಾಸ್ತರರು ಪೋಥಿಯಲ್ಲಿದ್ದುದನ್ನೆಲ್ಲ ಬಿಡಿಸಿ ಹೇಳಿ, ಒಂದೇ ಗೆಜ್ಜೆ ನುಡಿಸುವುದು ಸಾಧ್ಯವೇ ಎಂದು ಕೇಳಿದರು.

"ಹೇಳಿದ್ರ ತಿಳಿಯೂದಲ್ಲದು," ಎಂದ ನಿಜಗುಣಪ್ಪ. "ಕುಂದರ್ರಿ. ಜಳಕಾ ಮಾಡಿ ಬರತೇನಿ."

ಪಡಸಾಲೆಯಲ್ಲಿ ಕಂಬಳಿ ಹಾಸಿ, ಬೆಂಕಿಯ ಕೊಡವನ್ನು ಸಿಂಗರಿಸಿ ಇಟ್ಟಿದ್ದರು. ಅದರ ಮುಂದೆ ವಿಭೂತಿ ಹಚ್ಚಿದ ಎರಡು ಜೊತೆ ಗೆಜ್ಜೆಪಟ್ಟಿಗಳು. ದಪ್ಪ ಬಟ್ಟೆಯ ಮೇಲೆ ಸಾಲುಸಾಲಾಗಿ ಹೊಲಿದ ಹಿತ್ತಾಳೆಯ ಗೆಜ್ಜೆ. ಮಾಸ್ತರರ ಒಳಗಿನ ಕೋಶಕಾರ ಎಚ್ಚೆತ್ತ. ಅರ್ಥ ಬರೆಯಬೇಕಾದರೆ ಎಷ್ಟು ಗೆಜ್ಜೆ ಎಂಬುದು ಗೊತ್ತಿರಬೇಕಲ್ಲ. ಹತ್ತಿರದ ಪಟ್ಟಿಯನ್ನು ಎತ್ತಿ ಎಣಿಸತೊಡಗಿದರು. ಐವತ್ತೆರಡು. ಮತ್ತೊಮ್ಮೆ ಎಣಿಸಿದರೆ ಐವತ್ತೇಳು. ಪಟ್ಟಿ ಕೈಯಲ್ಲಿ ಮಡಚಿಕೊಳ್ಳುತ್ತಿತ್ತು, ಎಣಿಸಿದ್ದು ಎಣಿಸದ್ದರ ಜೊತೆ ಬೆರೆಯುತ್ತಿತ್ತು. ಸೆಖೆಗೆ ಕೋಟು, ಅಂಗಿ ತೆಗೆದರು. ಆಗ ಅವರಿಗೆ ಉಪಾಯ ಹೊಳೆಯಿತು. ಪಟ್ಟಿಯನ್ನು ಕಾಲಿಗೆ ಸುತ್ತಿದರೆ ಅದು ಬಿಗಿಯಾಗಿ ನಿಲ್ಲುತ್ತದೆ, ಸಾಲು ಹಿಡಿದು ಎಣಿಸಬಹುದು.

ಒಂದು ಕಾಲಿಗೆ ಕಟ್ಟಿದರು. ಐವತ್ನಾಲ್ಕು. ಇನ್ನೊಂದರಲ್ಲಿಯೂ ಅಷ್ಟೇ ಇವೆಯೋ ಎಂದು ತಾಳೆ ನೋಡಲು ಎರಡನೆಯ ಕಾಲಿಗೂ ಕಟ್ಟಿದರು. ಹಲವು ಶಾಸ್ತ್ರ ಬಲ್ಲವರು ಇಂಥ ಕೆಲಸಗಳನ್ನು ಬಹಳ ಅಚ್ಚುಕಟ್ಟಾಗಿ ಮಾಡುತ್ತಾರೆ. ಗಂಟು ಎರಡೆರಡು ಹಾಕಿದ್ದರು.

ಮೂವತ್ತೊಂದಕ್ಕೆ ಬಂದಾಗ ಎದುರಿಗೆ ತಂಗೆವ್ವ ವಿಭೂತಿಯ ಬಟ್ಟಲು ಹಿಡಿದು ನಿಂತಿದ್ದಳು. ಅವಳ ಮಾತು ನಿಂತಿತ್ತು. ಬೈಲಹೊಂಗಲದಲ್ಲಿ ಇದು ಅಪರೂಪದ ಘಟನೆ.

"ನಿಜಗುಣಾ," ಎಂದು ಮೆಲ್ಲಗೆ ಕರೆದಳು. "ಹೊರಗ ಬಾ. ಅಪ್ಪನ ಗೆಜ್ಜಿ ಮಾಸ್ತರ ಕಟ್ಟ್ಯಾರ."

ನಿಜಗುಣಪ್ಪ ಒದ್ದೆ ಮೈಯಲ್ಲಿ ಬಂದು ಮಾಸ್ತರರ ಕಾಲು ನೋಡಿದ. ಮುಖ ನೋಡಲಿಲ್ಲ.

"ತಪ್ಪಾತು, ಬಿಚ್ಚತೇನಿ," ಎಂದು ಮಾಸ್ತರರು ಬಗ್ಗಿದರು.

"ಬಿಚ್ಚಬ್ಯಾಡ್ರಿ," ಎಂದ ನಿಜಗುಣಪ್ಪ. "ನಮ್ಮ ಮನಿ ಪದ್ಧತಿ ಒಂದೈತಿ. ಕೊಡದ ಮುಂದ ಕಟ್ಟಿದ ಗೆಜ್ಜಿ ಗುಡಿ ಮುಟ್ಟೂತನಕ ಬಿಚ್ಚೂ ಹಂಗಿಲ್ಲ."

"ನಾನು ಬರೇ ಎಣಿಸಲಿಕ್ಕೆ ಕಟ್ಟಿದೆ."

"ಗೆಜ್ಜಿಗೆ ಅದೇನ ತಿಳೀತೈತ್ರಿ? ಕಟ್ಟ್ಯಾರ ಅಂತ ತಿಳೀತೈತಿ, ಅಷ್ಟ."

ತಂಗೆವ್ವನಿಗೆ ಮಾತು ಮರಳಿತು. "ನಮ್ಮಪ್ಪ ಮುದಕಪ್ಪ ಹೋಗಿ ಒಂಬತ್ತು ವರ್ಷಾತು. ಅವನ ಗೆಜ್ಜಿ ಪೂಜಾಕ ಇಡತೇವಿ, ಕಟ್ಟಾಕ ಯಾರಿಗೂ ಧೈರ್ಯ ಇಲ್ಲ. ನೀವು ಬಂದು ಕಟ್ಟಿದ್ರಿ. ಅಪ್ಪಗ ನಿಮ್ಮ ಮ್ಯಾಲೆ ಮನಸು ಬಂದೈತಿ. ಟೋಪಿ ತಗೀರಿ, ಅಡ್ಡ ಬರತೈತಿ." ಎನ್ನುತ್ತಲೇ ಟೋಪಿಯನ್ನು ತಾನೇ ತೆಗೆದು ಗೂಟಕ್ಕೆ ಸಿಕ್ಕಿಸಿ, ಮಾಸ್ತರರ ಹಣೆ, ತೋಳು, ಮೊಣಕಾಲುಗಳಿಗೆಲ್ಲ ವಿಭೂತಿ ಬಳಿದಳು. ಅವರ ಸಂಧ್ಯಾವಂದನೆಯ ಮೈ ಸುಣ್ಣ ಹೊಡೆದ ಗೋಡೆಯಾಯಿತು.

ಸಂಬಾಳ ಬಾರಿಸುವವರು ಬಾರಿಸತೊಡಗಿದರು. ಮೆರವಣಿಗೆ ಹೊರಟಿತು. ಮುಂದೆ ಕತ್ತಿ ಹಿಡಿದ ನಿಜಗುಣಪ್ಪ, ಅವನ ಹಿಂದೆ ಕಚ್ಚೆ ಎತ್ತಿ ಕಟ್ಟಿದ ಕನ್ನಡ ಮಾಸ್ತರರು, ಅವರ ಹಿಂದೆ ಬೆಂಕಿಯ ಕೊಡ. ಓಡಿಹೋಗಲು ಹಿಂದೆಯೂ ದಾರಿಯಿರಲಿಲ್ಲ.

ಮಾಸ್ತರರ ಚಿಂತೆ ಒಂದೇ. ಗುಡಿಗೆ ಹೋಗುವ ದಾರಿ ಬಜಾರದೊಳಗಿಂದ ಶಾಲೆಯ ಮುಂದೆಯೇ ಹೋಗುತ್ತದೆ. ಹೆಜ್ಜೆಗೊಮ್ಮೆ ನೂರೆಂಟು ಗೆಜ್ಜೆ ಜಲ್ಲೆನ್ನುತ್ತಿದ್ದವು. ತುದಿಗಾಲಲ್ಲಿ ನಡೆದರು, ಇನ್ನೂ ಹೆಚ್ಚು ಜಲ್ಲೆಂದವು. ಕಾಲು ಎಳೆದುಕೊಂಡು ನಡೆದರು. ಅಂಗಡಿಯವರು ಹೊರಗೆ ಬಂದು ನೋಡಿದರು.

"ಮಾಸ್ತರ್ರ, ಸಾಲಿಗೆ ರಜಾ ಕೊಟ್ಟ್ರೇನು?" ಎಂದ ಕಿರಾಣಿ ಅಂಗಡಿಯ ಬಸವಣ್ಣೆಪ್ಪ.

"ಶಬ್ದದ ಕೆಲಸ ಅದ," ಎಂದರು ಮಾಸ್ತರರು ಗಂಭೀರವಾಗಿ.

"ಶಬ್ದ ಭಾಳ ಆಗಾಕತ್ತೈತಿ," ಎಂದ ಬಸವಣ್ಣೆಪ್ಪ.

ಮುಂದೆ ಹೇರ್ ಕಟಿಂಗ್ ಸಲೂನಿನ ಆಳೆತ್ತರದ ಕನ್ನಡಿ. ಅದರೊಳಗೆ ಒಬ್ಬ ವಿಚಿತ್ರ ಮನುಷ್ಯ ಇವರ ಜೊತೆಗೇ ನಡೆಯುತ್ತಿದ್ದ. ಮೈಯೆಲ್ಲ ಬೂದಿಯ ಬಿಳುಪು. ತಲೆ ಬೋಳು, ನಡುವೆ ಚಂಡಿಕೆ. ಕಾಲಿಗೆ ಗೆಜ್ಜೆ. ಇವನನ್ನು ಎಲ್ಲೋ ಓದಿದ್ದೇನಲ್ಲ ಎನ್ನಿಸಿತು ಮಾಸ್ತರರಿಗೆ. ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ನೆನಪಾಯಿತು. ಓದಿದ್ದು ರಾಮದುರ್ಗದ ಪೋಥಿಯಲ್ಲಿ. ಇಪ್ಪತ್ತು ದಿನದಿಂದ ಹುಡುಕುತ್ತಿದ್ದ ಪೇರಣಿಯವನು ತನ್ನ ಧೋತರದಲ್ಲಿಯೇ ಇದ್ದಾನೆ. ಅವರಿಗೆ ನಗು ಬಂತು. ಅಷ್ಟರಲ್ಲಿ ಶಾಲೆಯ ಬೇವಿನ ಮರ ಕಂಡು ನಗು ಆರಿತು.

ಶಾಲೆಯ ಗೋಡೆಯ ಮೇಲೆ ಹುಡುಗರ ತಲೆಗಳು ಕುಂಬಳಕಾಯಿ ಜೋಡಿಸಿದಂತೆ ಸಾಲಾಗಿದ್ದವು. ಗೆಜ್ಜೆ ಕಟ್ಟಿದ ಎತ್ತು ಎಂದರೆ ಏನೆಂಬುದರ ಪ್ರಾತ್ಯಕ್ಷಿಕೆ ಈಗ ತಾನಾಗಿಯೇ ಬರುತ್ತಿತ್ತು. ಮಾಸ್ತರರು ಉಸಿರು ಬಿಗಿಹಿಡಿದರು. ಮೊಣಕಾಲು ಸಡಿಲು ಬಿಟ್ಟು, ಮೀನಖಂಡ ಬಿಗಿದು, ಕಾಲನ್ನು ಎತ್ತಿದಂತೆ ಅಲ್ಲ, ನೆಲವೇ ಅದನ್ನು ಬಿಟ್ಟುಕೊಟ್ಟಂತೆ ಎತ್ತಿದರು. ಮಲಗಿದ ಕೂಸನ್ನು ತೊಟ್ಟಿಲಲ್ಲಿ ಇಡುವಂತೆ ಅಂಗಾಲನ್ನು ಇಳಿಸಿದರು. ಗೆಜ್ಜೆ ಸುಮ್ಮನಿತ್ತು. ಇನ್ನೊಂದು ಹೆಜ್ಜೆ. ಸುಮ್ಮನಿತ್ತು. ಬೇವಿನ ಮರದಿಂದ ಗೇಟಿನವರೆಗೆ ಒಂಬತ್ತು ಹೆಜ್ಜೆ. ನೂರೆಂಟು ಗೆಜ್ಜೆಗಳಲ್ಲಿ ಒಂದೂ ತುಟಿ ಬಿಚ್ಚಲಿಲ್ಲ.

ನಿಜಗುಣಪ್ಪ ಗಕ್ಕನೆ ನಿಂತು ಹಿಂದಿರುಗಿದ. ಕೈಯೆತ್ತಿ ಸಂಬಾಳ ನಿಲ್ಲಿಸಿದ.

"ಸಪ್ಪಳ ಇಲ್ಲ, ಓಡಿಹೋದ್ರಂತ ಮಾಡಿದ್ದೆ," ಎಂದ. ಮಾಸ್ತರರ ಕಾಲನ್ನು ದಿಟ್ಟಿಸಿದ. "ಇನ್ನೊಂದ ಹೆಜ್ಜಿ ಹಾಕ್ರಿ ನೋಡೂಣು."

ಮಾಸ್ತರರು ಹಾಕಿದರು. ಗೆಜ್ಜೆ ಸುಮ್ಮನಿತ್ತು.

"ಇದನ್ನ ಕಲಿಸಾಕ ನಮ್ಮಪ್ಪ ನನ್ನ ಕಾಲಿಗೆ ಹೊಡದ ಹೊಡದ ಬರಲ ಮುರದಾನ್ರಿ. ನಿಮಗ್ಯಾರು ಕಲಿಸಿದ್ರು?"

"ನಾಚಿಕಿ," ಎಂದರು ಮಾಸ್ತರರು.

ನಿಜಗುಣಪ್ಪ ನಕ್ಕ. ಆ ಮೀಸೆಯ ಕೆಳಗೆ ಹಲ್ಲುಗಳಿವೆ ಎಂಬುದು ಆವರೆಗೆ ಯಾರಿಗೂ ಗೊತ್ತಿರಲಿಲ್ಲ. "ಹಂಗಾರ ನೋಡ್ರಿ," ಎಂದು ಕತ್ತಿಯನ್ನು ತಂಗೆವ್ವನ ಕೈಗೆ ಕೊಟ್ಟ.

ಮೊದಲು ಹಿಮ್ಮಡಿ ಊರಿ ನೆಗೆದ. ಎಲ್ಲ ಗೆಜ್ಜೆಗಳೂ ಸುರಿದವು. ಆಮೇಲೆ ಒಂದು ಕಾಲನ್ನು ಕಲ್ಲಿನಂತೆ ಊರಿ ಇನ್ನೊಂದನ್ನು ನಡುಗಿಸಿದ; ಅರ್ಧ ಗೆಜ್ಜೆ ನುಡಿದು ಅರ್ಧ ಕೇಳಿಸಿಕೊಂಡಿತು. ಆಮೇಲೆ ಎರಡೂ ಕಾಲುಗಳನ್ನು ಸರಿಸುತ್ತ ಒಂದು ಸುತ್ತು ಬಂದ; ಗೋಡೆಯ ಮೇಲಿನ ಹುಡುಗರ ಉಸಿರು ಕೇಳಿತೇ ಹೊರತು ಗೆಜ್ಜೆ ಕೇಳಲಿಲ್ಲ. ಕೊನೆಗೆ ನಿಂತು, ಕಣ್ಣು ಮುಚ್ಚಿ, ಬಲಗಾಲ ಕಿರುಬೆರಳನ್ನು ಮಾತ್ರ ಎತ್ತಿ ಇಳಿಸಿದ. ಟಿಣ್ ಎಂದು ಒಂದೇ ಒಂದು ಗೆಜ್ಜೆ, ದೇವರ ಮನೆಯಲ್ಲಿ ಯಾರೋ ಚಮಚ ಇಟ್ಟಷ್ಟು, ನುಡಿಯಿತು.

ಮಾಸ್ತರರ ಕಣ್ಣಲ್ಲಿ ನೀರು ಬಂತು. ಪೋಥಿಯವರು ಸುಳ್ಳು ಬರೆದಿರಲಿಲ್ಲ. ಅವರೂ ನೋಡಿಯೇ ಬರೆದಿದ್ದರು.

"ಪೇರಣಿ," ಎಂದರು ಮಾಸ್ತರರು.

"ಹಂಗಂದ್ರೇನ್ರಿ?" ಎಂದ, ಅಂಗಡಿ ಬಿಟ್ಟು ಹಿಂದೆಯೇ ಬಂದಿದ್ದ ಬಸವಣ್ಣೆಪ್ಪ.

ಇಪ್ಪತ್ತೊಂದು ವರ್ಷದ ಮಾಸ್ತರಿಕೆಯಲ್ಲಿ ಅಷ್ಟು ಚಲೋ ಪಾಠ ಅವರು ಮಾಡಿರಲಿಲ್ಲ. ಬೇವಿನ ಮರದ ಕೆಳಗೆ, ಚಂಡಿಕೆ ಬಿಚ್ಚಿಹೋಗಿ, ಬೆವರಿನಲ್ಲಿ ಬೂದಿ ಇಳಿಯುತ್ತಿರಲು, ಓಲಗ, ರಾಜ, ಗೆಜ್ಜೆ ಎಲ್ಲವನ್ನೂ ಹೇಳಿದರು. ಒಂದು ಸಲವೂ 'ಒಂದು ಬಗೆಯ' ಎನ್ನಲಿಲ್ಲ. ಹೇಳಿ ಮುಗಿದ ಮೇಲೆ ಸಂಬಾಳ ಮತ್ತೆ ಶುರುವಾಯಿತು. ಮಾಸ್ತರರ ಕಾಲು ಈಗ ನಾಚಿಕೆಯ ಮಾತು ಕೇಳಲಿಲ್ಲ. ಗುಡಿಯವರೆಗೂ ಕುಣಿದರು. ಚೆನ್ನಾಗಿ ಕುಣಿದರೆಂದು ಹೇಳಿದರೆ ವೀರಭದ್ರ ಮೆಚ್ಚಲಾರ. ತಾಳ ಒಂದು ಕಡೆ, ಕಾಲು ಇನ್ನೊಂದು ಕಡೆ. ಆದರೆ ಮುದಕಪ್ಪನ ಗೆಜ್ಜೆಗಳು ಒಂಬತ್ತು ವರ್ಷ ಬಾಯಿ ಕಟ್ಟಿಕೊಂಡಿದ್ದುದಕ್ಕೆಲ್ಲ ಸೇರಿಸಿ ನುಡಿದವು. ತಂಗೆವ್ವ ಸೆರಗಿನಿಂದ ಕಣ್ಣು ಒರೆಸುತ್ತ, ನಗುತ್ತ ಹಿಂದೆ ನಡೆದಳು. ನೀರಿನ ಕೊಡ ಇಳಿಸಿ ನೋಡುತ್ತ ನಿಂತಿದ್ದ ಮಥುರಾಬಾಯಿ ಪಕ್ಕದವರಿಗೆ ಹೇಳಿದರು: "ನಮ್ಮವರು ಅವರು. ಬಿಳಿ ಬಳಕೊಂಡವರು."

ಆ ಸಂಜೆಯೇ ಹೊಸ ಚೀಟಿ ತಯಾರಾಯಿತು. "ಪೇರಣಿ: ಮೈಗೆ ಬೂದಿ ಬಳಿದು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಿದ್ದ ಪ್ರಾಚೀನ ಕುಣಿತ. ಎಲ್ಲ ಗೆಜ್ಜೆ, ಕೆಲವು ಗೆಜ್ಜೆ, ಒಂದೇ ಗೆಜ್ಜೆ ನುಡಿಸುವುದು ಹಾಗೂ ಹೆಜ್ಜೆ ಹಾಕುತ್ತಲೇ ಒಂದನ್ನೂ ನುಡಿಸದಿರುವುದು ಇದರ ಕುಶಲತೆ. ಪುರವಂತರ ಕುಣಿತ ಇದೇ ಎಂದು ಹೇಳಲು ಆಧಾರವಿಲ್ಲ. ಆದರೆ ಈ ಕಾಲುಗಾರಿಕೆ ಇಂದಿಗೂ ಉಂಟು, ನೋಡಿದ್ದೇನೆ." ಗೆಜ್ಜೆಗಳ ಸಂಖ್ಯೆಯನ್ನು ಬರೆಯಲಿಲ್ಲ, ಎರಡನೆಯ ಕಾಲಿನ ಎಣಿಕೆ ಮೂವತ್ತೊಂದಕ್ಕೇ ನಿಂತಿತ್ತು. ಪ್ರಯೋಗದ ಜಾಗದಲ್ಲಿ ಸವದತ್ತಿಯ ತಾಳೆಗರಿಯ ಕೆಳಗೆ ಇನ್ನೊಂದು ಸೇರಿತು. ಹಾಲಿಗೆ ಬಂದ ಪಕ್ಕದ ಮನೆಯ ರಾಮವ್ವ ಬಾಗಿಲಲ್ಲಿ ನಿಂತು ಕೂಗಿದ್ದಳು, ಅದನ್ನು ಹಾಗೆಯೇ ಇಳಿಸಿದರು: "ಪೇರಣಿ ಮಾಸ್ತರ ಅದಾರೇನ್ರಿ ಒಳಗ?"

ಮಾದರಿ ಪುಟಗಳು ಮೇ ತಿಂಗಳಲ್ಲಿ ಅಚ್ಚಾಗಿ ಬಂದವು. ಮಾಸ್ತರರ ಅರ್ಥ 'ನೋಡಿದ್ದೇನೆ' ಎಂಬುದರವರೆಗೆ ಒಂದಕ್ಷರ ಬಿಡದೆ ಅಲ್ಲಿತ್ತು, ಪಕ್ಕದಲ್ಲಿ ಹೆಸರಿತ್ತು. ರಾಮವ್ವನ ಪ್ರಯೋಗವನ್ನು ಮಾತ್ರ ಮಂಡಳಿಯವರು ಹೊಡೆದುಹಾಕಿದ್ದರು. ಈ ಶಬ್ದ ಆಡುಮಾತಿನಲ್ಲಿ ಇಲ್ಲ, ಎಂದೋ ಸತ್ತುಹೋಗಿದೆ ಎಂದು ಜೊತೆಯ ಪತ್ರದಲ್ಲಿ ಬರೆದಿದ್ದರು.

ಮಾಸ್ತರರು ಆ ಪತ್ರವನ್ನು ಹೆಂಡತಿಗೆ ಓದಿ ಹೇಳುತ್ತಿರುವಾಗಲೇ ಬಾಗಿಲ ಮುಂದೆ ಚಕ್ಕಡಿ ಬಂದು ನಿಂತಿತು. ಅದರಿಂದಿಳಿದ ಇಬ್ಬರು ಅಪರಿಚಿತರು ರುಮಾಲು ಸರಿಪಡಿಸಿಕೊಂಡರು.

"ನಾವು ಸಿರಸಂಗಿಯವರ್ರಿ," ಎಂದ ಹಿರಿಯ. "ಪೇರಣಿ ಮಾಸ್ತರ ಮನಿ ಇದ ಏನ್ರಿ? ನಾಳಿ ನಮ್ಮಲ್ಲಿ ಗುಗ್ಗಳ ಐತಿ. ಸಂಗೊಳ್ಳಿ ನಿಜಗುಣಪ್ಪನವರು ಗೆಜ್ಜಿ ತಗೊಂಡ ಮುಂದ ಹೋಗ್ಯಾರ. ನಿಮ್ಮನ್ನ ಕರಕೊಂಡ ಬಾ ಅಂದಾರ."

ಮಥುರಾಬಾಯಿ ಗಂಡನ ಮುಖ ನೋಡಿದರು. ಮಾಸ್ತರರು ಪತ್ರವನ್ನು ಮಡಚಿ ಚಹಾಪುಡಿಯ ಡಬ್ಬಿಗೆ ಹಾಕಿ ಎದ್ದರು. ಮಥುರಾಬಾಯಿ ಗೂಟದ ಮೇಲಿನ ಕರಿ ಟೋಪಿ ತಂದುಕೊಟ್ಟರು.

"ಅದು ಬ್ಯಾಡ," ಎಂದರು ಮಾಸ್ತರರು. "ಅಡ್ಡ ಬರತದ."